ಹಂಗು ಬೇಡವೆಂದ ಬೇರು

ಕನ್ನಡದಲ್ಲಿ ‘ಹಂಗು’ ಅಂತ ಒಂದು ಪದ ಇದೆ. ಸಾಲಕ್ಕೂ ಹಂಗಿಗೂ ವ್ಯತ್ಯಾಸ ಇದೆ. ಸಾಲಕ್ಕೆ ಲೆಕ್ಕ ಇರುತ್ತೆ, ತೀರಿಸಿದ ದಿನ ಮುಗಿಯುತ್ತೆ. ಋಣಕ್ಕೂ ಹಂಗಿಗೂ ವ್ಯತ್ಯಾಸ ಇದೆ. ಅನ್ನದ ಋಣ, ಮಣ್ಣಿನ ಋಣ ಅಂತ ಎದೆಯುಬ್ಬಿಸಿ ಹೇಳ್ಕೋಬಹುದು. ಹಂಗು ಮಾತ್ರ ಒಳಗೊಳಗೇ ಚುಚ್ಚುತ್ತೆ. ಅದು ಎಷ್ಟು ಅಂತ ಅಳೆಯೋಕೆ ಆಗಲ್ಲ, ತೀರಿಸಿದ್ರೂ ತೀರಿತು ಅನ್ನಿಸಲ್ಲ. ಅದಕ್ಕೇ ನಾವು ಆ ಪದವನ್ನು ಹೆಚ್ಚಾಗಿ ಬಳಸೋದು ‘ಇಲ್ಲ’ದ ಜೊತೆ: “ನಾನು ಯಾರ ಹಂಗಿನಲ್ಲೂ ಇಲ್ಲ.”

ನಮ್ಮ ವಯಸ್ಸಿನವರು ಊರು ಬಿಟ್ಟು ಬೆಂಗಳೂರಿಗೆ ಬಂದು ಸಂಪಾದಿಸಿದ್ದು ಏನು ಅಂತ ಕೇಳಿದ್ರೆ ಸಂಬಳ, ಫ್ಲ್ಯಾಟು, ಕಾರು ಅಂತ ಪಟ್ಟಿ ಮಾಡಬಹುದು. ನನ್ನ ಪ್ರಕಾರ ನಿಜವಾದ ಸಂಪಾದನೆ ಈ ಹಂಗಿಲ್ಲದ ಬದುಕು. ಮನೆ ಬದಲಿಸೋಕೆ ನಾಲ್ಕು ಜನ ಗೆಳೆಯರನ್ನು ಗೋಗರೀಬೇಕಿಲ್ಲ, ಪ್ಯಾಕರ್ಸ್ ಬರ್ತಾರೆ. ಹಾಲು ಮುಗಿದ್ರೆ ಪಕ್ಕದ ಮನೆ ಬಾಗಿಲು ತಟ್ಟಬೇಕಿಲ್ಲ. ಬೆಳಗಿನ ಜಾವ ಏರ್‌ಪೋರ್ಟ್‌ಗೆ ಬಿಡೋಕೆ ಬಾವನನ್ನು ಎಬ್ಬಿಸಬೇಕಿಲ್ಲ. ಜ್ವರ ಬಂದ್ರೆ ಗಂಜಿಯನ್ನೂ ತರಿಸ್ಕೋಬಹುದು. ದುಡ್ಡು ಕೊಟ್ಟಾಯ್ತು, ಐದು ಸ್ಟಾರ್ ಒತ್ತಾಯ್ತು, ಅಲ್ಲಿಗೆ ಸಂಬಂಧ ಚುಕ್ತಾ.

ಇದು ಅನುಕೂಲದ ಬದುಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಒಳ್ಳೆಯ ಬದುಕೂ ಹೌದಾ? ಯಾರಿಗೂ ಏನೂ ಕೊಡಬೇಕಾಗಿಲ್ಲದ ಮನುಷ್ಯ ಸ್ವತಂತ್ರನೋ, ಬರೀ ಒಂಟಿಯೋ? ಈ ಪ್ರಶ್ನೆಗೆ ತತ್ವಶಾಸ್ತ್ರದ ಪುಸ್ತಕಗಳಲ್ಲಿ ಉತ್ತರ ಹುಡುಕಬಹುದು. ನಾನು ಈರುಳ್ಳಿಯ ಬೇರಿನಲ್ಲಿ ಹುಡುಕೋಣ ಅಂತಿದ್ದೀನಿ.

ಚಳ್ಳಕೆರೆ ಕಡೆಯ ಹೊಲದಿಂದ ಒಂದು ಈರುಳ್ಳಿ ಗಿಡ ಕಿತ್ತು ನೋಡಿ. ಬೇರು ಬಹಳ ಬಡವು. ಕವಲು ಕಡಿಮೆ, ಬೇರಿನ ರೋಮ ಇನ್ನೂ ಕಡಿಮೆ. ಇಂಥ ಗಿಡಕ್ಕೆ ರಂಜಕ ಬೇಕು. ರಂಜಕದ ಸ್ವಭಾವ ಏನಪ್ಪಾ ಅಂದ್ರೆ, ಅದು ನೀರಿನ ಜೊತೆ ಹರಿದು ಬರಲ್ಲ. ಮಣ್ಣಿನ ಕಣಕ್ಕೆ ಅಂಟಿಕೊಂಡು ಇದ್ದಲ್ಲೇ ಕೂತಿರುತ್ತೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರ್‌ನಲ್ಲಿ ಇರೋದನ್ನು ಹೀರಿದ ಮೇಲೆ ಮುಗೀತು. ಸ್ವಲ್ಪ ದೂರದಲ್ಲಿ ಬೇಕಾದಷ್ಟಿದ್ರೂ ಕೈಗೆ ಎಟುಕಲ್ಲ.

ಅಲ್ಲಿ ಶಿಲೀಂಧ್ರ ಬರುತ್ತೆ. ಇದರ ಎಳೆಗಳು ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಬೇರು ತೂರಲಾರದ ಸಂದಿಗಳಲ್ಲಿ ತೂರಿ, ಹಲವು ಸೆಂಟಿಮೀಟರ್ ದೂರ ಹೋಗಿ ರಂಜಕ, ಸತು, ಒಂದಿಷ್ಟು ನೀರು ತರುತ್ತೆ. ಬೇರಿನ ಜೀವಕೋಶದ ಒಳಗೇ ಪುಟ್ಟ ಮರದ ಹಾಗೆ ಕವಲೊಡೆದು ಅಲ್ಲಿ ಸರಕು ಇಳಿಸುತ್ತೆ. ಬದಲಿಗೆ ಗಿಡ ತಾನು ಬಿಸಿಲಲ್ಲಿ ದುಡಿದ ಸಕ್ಕರೆ ಕೊಡುತ್ತೆ. ಈ ಶಿಲೀಂಧ್ರಗಳು ಕೊಬ್ಬಿನಾಮ್ಲವನ್ನೂ ತಾವೇ ತಯಾರಿಸಿಕೊಳ್ಳಲಾರವು, ಅದನ್ನೂ ಗಿಡದಿಂದಲೇ ಪಡೀತಾವೆ ಅಂತ 2017ರಲ್ಲಿ ತಿಳೀತು. ಅಂದ್ರೆ ಜೀವಂತ ಬೇರು ಇಲ್ಲದೆ ಇವಕ್ಕೆ ಬದುಕೇ ಇಲ್ಲ. ಹಂಗು ಎರಡೂ ಕಡೆ ಇದೆ.

ಈ ಜೋಡಿಗೆ ‘ಮೈಕೋರೈಜಾ’ ಅನ್ನೋ ಹೆಸರು ಕೊಟ್ಟವರು ಜರ್ಮನಿಯ ಆಲ್ಬರ್ಟ್ ಬರ್ನಾರ್ಡ್ ಫ್ರಾಂಕ್, 1885ರಲ್ಲಿ. ಗ್ರೀಕ್‌ನಲ್ಲಿ ಹಾಗಂದ್ರೆ ಅಣಬೆ-ಬೇರು ಅಷ್ಟೇ. ಸರ್ಕಾರ ಅವರಿಗೆ ವಹಿಸಿದ್ದ ಕೆಲಸ ಟ್ರಫಲ್ ಎಂಬ ದುಬಾರಿ ಅಣಬೆಯನ್ನು ಬೆಳೆಯೋಕೆ ಆಗುತ್ತಾ ನೋಡೋದು. ಅವರಿಗೆ ಸಿಕ್ಕಿದ್ದು ಬೇರೆಯೇ ಸಂಗತಿ: ಶಿಲೀಂಧ್ರ ಬೇರಿಗೆ ಅಂಟಿದ ರೋಗವಲ್ಲ, ಅದು ಗಿಡಕ್ಕೆ ಉಣಿಸುವ ದಾದಿ. ಆ ಕಾಲದ ಹಲವರು ಇದನ್ನು ನಂಬಲಿಲ್ಲ. ಶಿಲೀಂಧ್ರ ಅಂದ್ರೆ ಕೊಳೆಸೋದು, ಕೊಲ್ಲೋದು ಅನ್ನೋದೇ ಎಲ್ಲರ ತಲೆಯಲ್ಲಿತ್ತು. ನಮ್ಮಲ್ಲೂ ಅಷ್ಟೇ ತಾನೆ? ‘ಕೊಳೆರೋಗ’ ಅನ್ನೋ ಕನ್ನಡ ಪದ ಕಾಫಿಯ ರೋಗವೊಂದರ ಮೂಲಕ ಶಿಲೀಂಧ್ರದ ವೈಜ್ಞಾನಿಕ ಹೆಸರಿನೊಳಗೇ ಸೇರಿಹೋಗಿದೆ. ಸಹಾಯ ಮಾಡುವ ಶಿಲೀಂಧ್ರಕ್ಕೆ ಮಾತ್ರ ನಮ್ಮಲ್ಲಿ ಒಂದು ಮನೆಮಾತಿನ ಹೆಸರಿಲ್ಲ. ಕೆಟ್ಟದ್ದಕ್ಕೆ ಹೆಸರಿಡ್ತೀವಿ, ಸದ್ದಿಲ್ಲದೆ ಕೆಲಸ ಮಾಡೋದನ್ನು ಗಮನಿಸೋದೇ ಇಲ್ಲ.

ಆಮೇಲೆ ತಿಳಿದದ್ದು ಏನಂದ್ರೆ, ಇದು ಅಪರೂಪದ ಗೆಳೆತನವೇ ಅಲ್ಲ. ನೆಲದ ಮೇಲಿನ ಗಿಡಗಳಲ್ಲಿ ನೂರಕ್ಕೆ 70ರಷ್ಟು ಜಾತಿಗಳು ಈ ಬಗೆಯ ಶಿಲೀಂಧ್ರದ ಜೊತೆ ಬದುಕ್ತಾವೆ. ರಾಗಿ, ಜೋಳ, ಮೆಣಸಿನಕಾಯಿ, ಅಡಿಕೆ, ಕಾಳುಮೆಣಸು ಎಲ್ಲವೂ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಯಲ್ಲೂ ಈ ಎಳೆಗಳಿವೆ. ಆ ಗಿಡಗಳಿಗೆ ಇನ್ನೂ ಸರಿಯಾದ ಬೇರೇ ಇರಲಿಲ್ಲ. ಅಂದ್ರೆ ಬೇರಿಗಿಂತ ಹಂಗು ಹಳೆಯದು. ನಮ್ಮ ಜಿಕೆವಿಕೆಯಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಅವರ ಸಂಗಡಿಗರು ದಶಕಗಳ ಕಾಲ ಇದನ್ನೇ ಅಭ್ಯಾಸ ಮಾಡಿದ್ರು. ಯಾವ ಬೆಳೆಗೆ ಯಾವ ಶಿಲೀಂಧ್ರ ಹೊಂದುತ್ತೆ ಅಂತ ನೋಡಿದ್ರು.

ಈಗ ಕಥೆಯ ತಿರುವು. ಆ ಈರುಳ್ಳಿ ಹೊಲಕ್ಕೆ ಮೂಟೆಗಟ್ಟಲೆ ಡಿಎಪಿ ಸುರಿಯಿರಿ. ರಂಜಕ ಬೇರಿನ ಬಾಯಿಗೇ ಬಂತು. ಆಗ ಬೇರು ಏನು ಮಾಡುತ್ತೆ? ಶಿಲೀಂಧ್ರಕ್ಕೆ ಬಾಗಿಲು ಹಾಕುತ್ತೆ. ರಂಜಕ ಸಾಕಷ್ಟಿರುವ ಬೇರಿನಲ್ಲಿ ಶಿಲೀಂಧ್ರದ ವಾಸ ಕಡಿಮೆಯಾಗುತ್ತೆ ಅನ್ನೋದು ಮತ್ತೆ ಮತ್ತೆ ಕಂಡುಬಂದ ಸಂಗತಿ. ಯಾಕೆ ಸಾಕಬೇಕು ಹೇಳಿ? ಸಕ್ಕರೆ ಪುಕ್ಕಟೆ ಬರಲ್ಲ. ಬೇಕಾದ್ದು ಬೇರೆ ಕಡೆಯಿಂದ ಸಿಗ್ತಾ ಇರೋವಾಗ ಹಳೇ ಪಾಲುದಾರನಿಗೆ ಯಾಕೆ ಪಾಲು?

ಬೇರು ತಪ್ಪು ಮಾಡಲಿಲ್ಲ. ನಾನೂ ನೀವೂ ಮಾಡೋದು ಅದನ್ನೇ. ಆದ್ರೆ ಆ ಲೆಕ್ಕದಲ್ಲಿ ಒಂದು ಕುತ್ತಿದೆ. ಶಿಲೀಂಧ್ರ ತರ್ತಾ ಇದ್ದಿದ್ದು ರಂಜಕ ಒಂದನ್ನೇ ಅಲ್ಲ. ಸತು ತರ್ತಿತ್ತು. ಮಳೆ ಕೈಕೊಟ್ಟಾಗ ಕಷ್ಟ ತಡೆದುಕೊಳ್ಳೋಕೆ ಗಿಡಕ್ಕೆ ಆಸರೆಯಾಗಿತ್ತು. ಬೇರಿನಲ್ಲಿ ಜಾಗ ಹಿಡಿದು ಕೂತು ಕೆಲವು ರೋಗಾಣುಗಳಿಗೆ ಅಡ್ಡ ನಿಂತಿತ್ತು. ಮಣ್ಣಿನ ಕಣಗಳನ್ನು ಹಿಡಿದಿಟ್ಟಿತ್ತು. ಇದ್ಯಾವುದೂ ‘ರಂಜಕ’ ಅನ್ನೋ ಬಿಲ್ಲಿನಲ್ಲಿ ಇರಲಿಲ್ಲ. ಬಿಲ್ಲಿನಲ್ಲಿ ಇದ್ದದ್ದಕ್ಕೆ ಬದಲಿ ಸಿಕ್ಕ ಕೂಡಲೇ ಬಿಲ್ಲಿನಲ್ಲಿ ಇಲ್ಲದ್ದೂ ಹೊರಟುಹೋಯ್ತು. ಬರ ಬರೋ ತನಕ ಯಾರಿಗೂ ಗೊತ್ತಾಗಲ್ಲ.

ನನ್ನ ಮೊದಲ ಮಾತು ಇಷ್ಟು: ದುಡ್ಡು ನಮಗೆ ಹಂಗಿನ ಒಂದು ಕೆಲಸಕ್ಕೆ ಮಾತ್ರ ಬದಲಿ ಕೊಡುತ್ತೆ. ಹಾಲು ಕೇಳೋಕೆ ಪಕ್ಕದ ಮನೆಗೆ ಹೋಗ್ತಿದ್ದವರು ಹಾಲಿನ ಜೊತೆ ಇನ್ನೇನೋ ತರ್ತಾ ಇದ್ರು. ಆ ಮನೆಯ ಅಜ್ಜಿಗೆ ಹುಷಾರಿಲ್ಲ ಅನ್ನೋ ಸುದ್ದಿ, ನಮ್ಮ ಮನೆಯಲ್ಲಿ ಎರಡು ದಿನದಿಂದ ದೀಪ ಹತ್ತಿಲ್ಲ ಅಂತ ಗಮನಿಸುವ ಒಂದು ಜೋಡಿ ಕಣ್ಣು. ಆ್ಯಪ್ ಹಾಲು ತರುತ್ತೆ. ಕಣ್ಣು ತರಲ್ಲ.

ಇಲ್ಲಿಗೆ ನಿಲ್ಲಿಸಿಬಿಟ್ರೆ ಇದು ‘ಆ ಕಾಲ ಎಷ್ಟು ಚೆನ್ನಾಗಿತ್ತು’ ಅನ್ನೋ ಇನ್ನೊಂದು ಫಾರ್ವರ್ಡ್ ಆಗುತ್ತೆ. ಹಾಗಾಗಬಾರದು. ಯಾಕಂದ್ರೆ ಈ ವಾದಕ್ಕೆ ನಮ್ಮ ಮನೆಯಲ್ಲೇ ಒಬ್ಬಳು ಎದುರು ವಾದಿ ಇದ್ದಾಳೆ.

ತೀರ್ಥಹಳ್ಳಿ ಕಡೆ ನಮ್ಮ ಚಿಕ್ಕಪ್ಪನದ್ದು ಅಡಿಕೆ ತೋಟ, ಮರಕ್ಕೆ ಹಬ್ಬಿಸಿದ ಕಾಳುಮೆಣಸು. ಮೆಣಸಿಗೆ ಸೊರಗು ರೋಗ ಬಂದು ಬಳ್ಳಿಗಳು ಹೋದ ಮೇಲೆ ಅವರು ಟ್ರೈಕೋಡರ್ಮಾ ಹಿಡಿದಿದ್ದಾರೆ. ಇದೂ ಮಣ್ಣಿನ ಶಿಲೀಂಧ್ರವೇ, ಆದ್ರೆ ಮೈಕೋರೈಜಾದ ಹಾಗೆ ಬೇರನ್ನೇ ನಂಬಿಕೊಂಡದ್ದಲ್ಲ. ರೋಗ ತರೋ ಬೇರೆ ಶಿಲೀಂಧ್ರಗಳಿಗೆ ಸುತ್ತಿಕೊಂಡು, ಅವುಗಳ ಗೋಡೆ ಕರಗಿಸಿ ತಿನ್ನುತ್ತೆ. ಅಮೆರಿಕದಲ್ಲಿ ವೈಂಡ್ಲಿಂಗ್ ಎಂಬ ವಿಜ್ಞಾನಿ 1932ರಲ್ಲೇ ಇದನ್ನು ವರ್ಣಿಸಿದ್ರು. ಜೊತೆಗೆ ಬೇರಿನ ಮೇಲೆ ನೆಲೆಸಿ ಗಿಡದ ಸ್ವಂತ ರಕ್ಷಣೆಯನ್ನೂ ಎಚ್ಚರಿಸುತ್ತೆ. ಚಿಕ್ಕಪ್ಪ ನೂರು ಕೆಜಿ ಕೊಳೆತ ಕೊಟ್ಟಿಗೆ ಗೊಬ್ಬರಕ್ಕೆ ಒಂದು ಕೆಜಿ ಪುಡಿ, ಒಂದಿಷ್ಟು ಬೇವಿನ ಹಿಂಡಿ ಬೆರೆಸಿ, ನೆರಳಲ್ಲಿ ಒದ್ದೆ ಗೋಣಿ ಹೊದಿಸಿ, ಆಗಾಗ ಮಗುಚಿ, ಎರಡು ವಾರ ಕಾಯ್ತಾರೆ. ಹಸಿರು ಬೂಷ್ಟು ಹಿಡಿದ ಮೇಲೆ ಬಳ್ಳಿಯ ಬುಡಕ್ಕೆ. “ಒಂದು ಕಡೆ ಇದನ್ನು ಹಾಕಿ, ಇನ್ನೊಂದು ಕಡೆ ಕಾರ್ಬೆಂಡಜಿಮ್ ಸುರಿದ್ರೆ ಎರಡೂ ದಂಡ ಮಾರಾಯ. ಕರೆದವರನ್ನು ಕೂರಿಸೋಕೆ ಜಾಗ ಇಟ್ಕೋಬೇಕು” ಅಂತಾರೆ.

ಕಳೆದ ದೀಪಾವಳಿಯಲ್ಲಿ ಆ ಗೊಬ್ಬರದ ರಾಶಿ ಪಕ್ಕ ನಿಂತು ಚಿಕ್ಕಪ್ಪ ಮುಯ್ಯಾಳಿನ ಕಾಲ ನೆನಪು ಮಾಡ್ಕೊಂಡ್ರು. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ. “ಈಗ ಎಲ್ಲರ ಹತ್ರ ದುಡ್ಡಿದೆ, ಯಾರಿಗೂ ಯಾರೂ ಬೇಡ” ಅಂದ್ರು.

ಅವರ ಮಗಳು, ನನ್ನ ತಂಗಿ, ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡ್ತಾಳೆ. ಅವಳು ಸುಮ್ಮನಿರಲಿಲ್ಲ. “ಅಪ್ಪಾ, ಮುಯ್ಯಾಳು ಹೋದವರಿಗೆಲ್ಲ ಅಡುಗೆ ಮಾಡಿದ್ದು ಯಾರು? ಅಮ್ಮಂಗೆ ಯಾರು ಮುಯ್ಯಿ ತೀರಿಸಿದ್ರು? ಅಮ್ಮ ಒಂದು ಸೀರೆ ಬೇಕು ಅಂದ್ರೂ ದೊಡ್ಡಪ್ಪನ ಮುಖ ನೋಡ್ಬೇಕಿತ್ತು. ಅಣ್ಣಾ, ನೀನೂ ಕೇಳ್ಕೋ. ಹಂಗು ಚಂದ ಅಂತ ಬರೆಯೋರು ಯಾವತ್ತೂ ಹಂಗಿನ ಮನೇಲಿ ಸೊಸೆಯಾಗಿ ಇದ್ದೋರಲ್ಲ.”

ಚಿಕ್ಕಪ್ಪ ಮಾತಾಡಲಿಲ್ಲ. ಚಿಕ್ಕಮ್ಮ ಒಳಗಿಂದ “ಕಾಫಿ ಆರ್ತಿದೆ” ಅಂದ್ರು.

ಆ ಮಾತನ್ನು ದಾಟಿ ಹೋಗುವ ಹಾಗಿಲ್ಲ. ಹಂಗಿನ ಹೆಸರಲ್ಲಿ ನಡೆದ ಅನ್ಯಾಯಕ್ಕೆ ನಮ್ಮ ನಾಡಿನಲ್ಲಿ ಲೆಕ್ಕವಿಲ್ಲ. ಜೀತ ಅಂದ್ರೆ ಇನ್ನೇನು? ಎಂದೋ ಅಜ್ಜ ತಗೊಂಡ ಸಾಲದ ಹಂಗಿಗೆ ಮೊಮ್ಮಗ ದನ ಕಾಯೋದು. ಅದನ್ನು ನಿಷೇಧಿಸೋಕೆ 1976ರ ಕಾಯ್ದೆಯೇ ಬೇಕಾಯ್ತು. ‘ಮುಯ್ಯಿ’ ಪದವನ್ನೇ ನೋಡಿ. ಮದುವೆಯಲ್ಲಿ ಕೊಟ್ಟ ಉಡುಗೊರೆಯೂ ಮುಯ್ಯಿ, ಸೇಡೂ ಮುಯ್ಯಿ. ಕನ್ನಡಕ್ಕೆ ಮೊದಲಿಂದಲೂ ಗೊತ್ತು, ಕೊಡು-ಕೊಳ್ಳುವಿಕೆ ಎರಡೂ ಕಡೆ ಹರಿತ ಇರೋ ಕತ್ತಿ ಅಂತ. ಹಾಗಿದ್ರೆ ಕೈಯಲ್ಲಿ ಸಂಬಳ ಇರೋ ಹೆಣ್ಣುಮಗಳಿಗೆ ‘ಹಂಗು ಕಳ್ಕೊಂಡೆಯಲ್ಲ ಪಾಪ’ ಅನ್ನೋದು ನೀತಿಯಾ? ಖಂಡಿತ ಅಲ್ಲ.

ಬೇರಿನ ಹತ್ರ ಇದಕ್ಕೂ ಒಂದು ಸುಳಿವಿದೆ. ಟೋಬಿ ಕಿಯರ್ಸ್ ಮತ್ತು ಅವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಹೆಚ್ಚು ರಂಜಕ ಕೊಡುವ ಶಿಲೀಂಧ್ರಕ್ಕೆ ಬೇರು ಹೆಚ್ಚು ಸಕ್ಕರೆ ಕೊಡೋದು ಕಂಡುಬಂತು. ಶಿಲೀಂಧ್ರವೂ ಅಷ್ಟೇ, ಹೆಚ್ಚು ಸಕ್ಕರೆ ಕೊಡುವ ಬೇರಿಗೆ ಹೆಚ್ಚು ರಂಜಕ. ಒಂದೇ ಬೇರಿನಲ್ಲಿ ಹಲವು ಶಿಲೀಂಧ್ರ, ಒಂದೇ ಶಿಲೀಂಧ್ರಕ್ಕೆ ಹಲವು ಬೇರು. ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಒತ್ತೆ ಇಟ್ಟುಕೊಳ್ಳೋದು ಕಷ್ಟ. ಈ ಸಂಬಂಧ ಇಷ್ಟು ಕಾಲ ಬಾಳಿದ್ದಕ್ಕೆ ಇದೂ ಒಂದು ಕಾರಣ ಅನ್ನೋದು ಅವರ ವಾದ.

ನನಗೆ ಇಲ್ಲಿ ಒಂದು ಗೆರೆ ಕಾಣುತ್ತೆ. ಬಿಟ್ಟು ಹೋಗೋಕೆ ದಾರಿ ಇರೋ ಹಂಗು ಬೇರೆ, ದಾರಿ ಇಲ್ಲದ ಹಂಗು ಬೇರೆ. ಚಿಕ್ಕಮ್ಮನಿಗೆ ಆ ಮನೆ ಬಿಟ್ರೆ ಇನ್ನೊಂದು ಬಾಗಿಲು ಇರಲಿಲ್ಲ. ಜೀತದವನಿಗೂ ಇರಲಿಲ್ಲ. ಅವರದ್ದು ಸೆರೆ. ನನ್ನ ತಂಗಿಯ ಸಂಬಳ ಅವಳಿಗೆ ಬಾಗಿಲು ಕೊಟ್ಟಿದೆ. ಬಾಗಿಲು ಇದ್ದವರು ಮಾತ್ರ ಒಳಗೆ ಕೂತು ‘ಇಲ್ಲೇ ಇರ್ತೀನಿ’ ಅಂತ ನಿಜವಾಗಿ ಹೇಳಬಹುದು. ಹಾಗಾಗಿ ಸಂಬಳ ಹಂಗಿನ ಶತ್ರು ಅಲ್ಲ, ಒಳ್ಳೆಯ ಹಂಗಿಗೆ ಅದೇ ಮೊದಲ ಮೆಟ್ಟಿಲು. ಸಮಸ್ಯೆ ಏನಂದ್ರೆ ನಾವು ಮೆಟ್ಟಿಲ ಮೇಲೇ ಮನೆ ಮಾಡಿಕೊಂಡು ಕೂತಿದ್ದೀವಿ. ಬಿಟ್ಟು ಬರೋ ಶಕ್ತಿ ಬಂತು, ಸೇರೋ ಅಭ್ಯಾಸ ಹೋಯ್ತು.

ಸೇರೋದು ಯಾಕೆ ಕಷ್ಟ? ಇದಕ್ಕೂ ಮಣ್ಣಿನೊಳಗೆ ಒಂದು ಸೊಗಸಾದ ಸಂಗತಿ ಇದೆ. ಜೋಳದ ಬೇರಿಗೆ ಅಂಟಿ ರಸ ಹೀರೋ ಸ್ಟ್ರೈಗಾ ಅನ್ನೋ ಕಳೆ ಇದೆ. ಇದರ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಮಲಗಿದ್ದು, ಹತ್ತಿರದಲ್ಲಿ ಬೇರು ಬಂದಾಗ ಮೊಳಕೆ ಒಡೆಯುತ್ತೆ. ಬೇರಿನಿಂದ ಒಸರುವ ಒಂದು ರಾಸಾಯನಿಕ ಅದನ್ನು ಎಬ್ಬಿಸುತ್ತೆ ಅಂತ 1966ರಲ್ಲೇ ಗೊತ್ತಾಗಿತ್ತು. ಆದ್ರೆ ಯಾವ ಗಿಡ ತಾನೇ ಕಳ್ಳನಿಗೆ ವಿಳಾಸ ಕೊಡುತ್ತೆ? ಉತ್ತರ ಸಿಕ್ಕಿದ್ದು 2005ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಅದು ಮೈಕೋರೈಜಾ ಶಿಲೀಂಧ್ರವನ್ನು ಕರೆಯೋ ದನಿ. ರಂಜಕಕ್ಕಾಗಿ ಹಸಿದ ಬೇರು ‘ಬಾ’ ಅಂತ ಕರೆಯುತ್ತೆ, ಆ ಕರೆಯನ್ನು ಗೆಳೆಯನೂ ಕೇಳಿಸಿಕೊಳ್ತಾನೆ, ಕಳ್ಳನೂ ಕೇಳಿಸಿಕೊಳ್ತಾನೆ.

ಸಹಾಯ ಕೇಳೋದು ಅಂದ್ರೆ ಇದೇ. ‘ನನ್ನ ಕೈಲಾಗ್ತಿಲ್ಲ’ ಅಂತ ಬಾಯಿಬಿಟ್ಟ ಕ್ಷಣ ನಿಮ್ಮ ದುರ್ಬಲ ಜಾಗ ಎಲ್ಲರಿಗೂ ಗೊತ್ತಾಗುತ್ತೆ. ಆಫೀಸಿನಲ್ಲಿ ಸುಸ್ತಾಗಿದ್ದೀನಿ ಅಂದವರ ಮಾತು ಅಪ್ರೈಸಲ್‌ನಲ್ಲಿ ವಾಪಸ್ ಬರಬಹುದು. ಮನೆಯ ಕಷ್ಟ ಹೇಳ್ಕೊಂಡವರ ಕಥೆ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸಲ್ಪಡಬಹುದು. ಅದಕ್ಕೇ ನಾವು ದುಡ್ಡು ಕೊಟ್ಟು ಕೊಳ್ಳೋದನ್ನು ಇಷ್ಟಪಡ್ತೀವಿ. ಅಲ್ಲಿ ಅಡ್ರೆಸ್ ಮಾತ್ರ ಕೊಟ್ರೆ ಸಾಕು, ಅಳು ಕೊಡಬೇಕಿಲ್ಲ. ಆದ್ರೆ ಕಳ್ಳನ ಭಯಕ್ಕೆ ಕರೆಯೋದನ್ನೇ ನಿಲ್ಲಿಸಿದ ಬೇರಿಗೆ ಗೆಳೆಯನೂ ಬರಲ್ಲ. ಅಪಾಯವಿಲ್ಲದ ಕರೆ ಅನ್ನೋದು ಇಲ್ಲ. ಹಂಗಿಗೆ ಧೈರ್ಯ ಬೇಕು ಅಂತ ನಾನು ಅನ್ನೋದು ಇದಕ್ಕೆ.

ಇನ್ನೊಂದು ಬಗೆಯ ಹಂಗಿದೆ, ಕೊಟ್ಟವರಿಗೇ ತೀರಿಸೋ ಲೆಕ್ಕ ಅಲ್ಲಿ ನಡೆಯಲ್ಲ. ಮಲೆನಾಡಿನ ಮರಗಳ ಮೇಲೆ ಮಳೆಗಾಲದ ಹೊತ್ತಿಗೆ ಜಡೆಯಂತೆ ತೂಗುವ ಸೀತಾಳೆ ದಂಡೆ ನೋಡಿರ್ತೀರಿ. ಆರ್ಕಿಡ್ ಜಾತಿಯ ಹೂ. ಇವುಗಳ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಬುತ್ತಿಯೇ ಇಲ್ಲ. ಕಾಡಿನಲ್ಲಿ ಆ ಬೀಜ ಮೊಳೆತು ಎಲೆ ಬಿಡೋ ತನಕ ಅದಕ್ಕೆ ಉಣಿಸೋದು ಶಿಲೀಂಧ್ರ. ಆ ಹಂತದಲ್ಲಿ ಬೀಜದ ಹತ್ರ ವಾಪಸ್ ಕೊಡೋಕೆ ಏನೂ ಇಲ್ಲ. ನಾವೆಲ್ಲ ಹೀಗೇ ಬಂದವರು. ನಮ್ಮನ್ನು ಓದಿಸಿದವರು, ಮೊದಲ ಕೆಲಸಕ್ಕೆ ರೆಸ್ಯೂಮೆ ತಿದ್ದಿಕೊಟ್ಟವರು, ಪಿಜಿ ಸಿಗೋ ತನಕ ಹಾಲ್‌ನಲ್ಲಿ ಚಾಪೆ ಹಾಸಿಕೊಟ್ಟ ಸೀನಿಯರ್ರು. ‘ಹಂಗಿಲ್ಲದೆ ಬೆಳೆದೆ’ ಅನ್ನೋನು ತನ್ನ ಮೊಳಕೆಯ ಕಾಲವನ್ನು ಮರೆತಿದ್ದಾನೆ, ಅಷ್ಟೇ.

ಹಾಗಂತ ಪ್ರಕೃತಿಯನ್ನು ಮಠ ಮಾಡಿ, ಶಿಲೀಂಧ್ರವನ್ನು ಗುರು ಮಾಡೋದು ಬೇಡ. ಕೆನಡಾದ ಸುಜಾನ್ ಸಿಮಾರ್ಡ್ 1997ರಲ್ಲಿ, ಕಾಡಿನಲ್ಲಿ ಒಂದು ಜಾತಿಯ ಮರದಿಂದ ಇನ್ನೊಂದು ಜಾತಿಯ ಮರಕ್ಕೆ ಇಂಗಾಲ ಸಾಗುತ್ತೆ ಅಂತ ತೋರಿಸಿದ ಮೇಲೆ ‘ತಾಯಿ ಮರ ಮಕ್ಕಳಿಗೆ ಉಣಿಸುತ್ತೆ’ ಅನ್ನೋ ಕಥೆ ಲೋಕವೆಲ್ಲ ಹಬ್ಬಿತು. ಅದರಲ್ಲಿ ಹಲವು ಮಾತುಗಳಿಗೆ ಸಾಕಷ್ಟು ಪುರಾವೆ ಇಲ್ಲ ಅಂತ 2023ರಲ್ಲಿ ಬೇರೆ ವಿಜ್ಞಾನಿಗಳು ಎಚ್ಚರಿಸಿದ್ರು. ಸಾಸಿವೆ, ಕೋಸು ಈ ಶಿಲೀಂಧ್ರದ ಸ್ನೇಹವೇ ಇಲ್ಲದೆ ಚೆನ್ನಾಗಿ ಬೆಳೀತಾವೆ. ಚಿಕ್ಕಪ್ಪನ ಮೆಣಸಿಗೆ ಕಾವಲುಗಾರನಾದ ಟ್ರೈಕೋಡರ್ಮಾದ ಒಂದು ದಾಯಾದಿ ಅಣಬೆ ಬೆಳೆಯೋರ ಪಾಲಿಗೆ ಹಸಿರು ಬೂಷ್ಟಿನ ಶನಿ. ಮಣ್ಣಿನಲ್ಲಿ ಒಳ್ಳೆಯವರು ಕೆಟ್ಟವರು ಅಂತ ಪಂಗಡ ಇಲ್ಲ, ಯಾರು ಎಲ್ಲಿ ಯಾರ ಜೊತೆ ಇದ್ದಾರೆ ಅನ್ನೋದಷ್ಟೇ ಇದೆ. ಬೇರು ಹೀಗೆ ಮಾಡುತ್ತೆ, ಆದ್ದರಿಂದ ನಾವೂ ಹೀಗೆ ಮಾಡಬೇಕು ಅನ್ನೋದು ತರ್ಕವಲ್ಲ. ಏನು ಮಾಡಬೇಕು ಅಂತ ತೀರ್ಮಾನಿಸೋ ಕಷ್ಟ ಮನುಷ್ಯರದ್ದೇ.

ನನ್ನ ತೀರ್ಮಾನ ಹೇಳ್ತೀನಿ. ಒಳ್ಳೆಯ ಬದುಕಿಗೆ ಹಂಗು ಬೇಕು. ಆದ್ರೆ ನಾವೇ ಆರಿಸಿಕೊಂಡ ಹಂಗು, ಬಿಡೋಕೆ ಬಾಗಿಲಿರೋ ಹಂಗು, ಒಬ್ಬರ ಮೇಲೇ ಭಾರ ಬೀಳದ ಹಾಗೆ ಹಲವರ ನಡುವೆ ಹರಡಿದ ಹಂಗು. ಸ್ವಾರ್ಥ ಇದ್ರೆ ಅದು ಸಂಬಂಧವೇ ಅಲ್ಲ ಅನ್ನೋ ಪರಿಶುದ್ಧತೆ ನನಗೆ ಬೇಡ. ಬೇರಿಗೂ ಶಿಲೀಂಧ್ರಕ್ಕೂ ಸ್ವಾರ್ಥ ಇದ್ದೇ ಇದೆ, ಆದ್ರೂ ಅವೆರಡೂ ಸೇರಿ ನೆಲವನ್ನು ಹಸಿರು ಮಾಡಿವೆ. ನಮಗೆ ಬೇಕಾಗಿರೋದು ಚುಕ್ತಾ ಮಾಡೋ ಆತುರವನ್ನು ಸ್ವಲ್ಪ ತಡೆಯೋದು. ಗೆಳೆಯ ಊಟ ಕೊಡಿಸಿದ್ರೆ ಅಲ್ಲೇ ಯುಪಿಐ ಮಾಡ್ತೀವಲ್ಲ, ಅದನ್ನು ಮಾಡದೆ ಇರಬಹುದು. ‘ಮುಂದಿನ ಸಲ ನಂದು’ ಅನ್ನೋ ಮಾತಿನಲ್ಲಿ ಒಂದು ಮುಂದಿನ ಸಲ ಇದೆ. ಲೆಕ್ಕ ಚುಕ್ತಾ ಆದಲ್ಲಿ ಅದು ಇಲ್ಲ.

ರಂಜಕ ತುಂಬಿ ತುಳುಕೋ ಹೊಲದಲ್ಲಿ ಶಿಲೀಂಧ್ರವನ್ನು ಮತ್ತೆ ಕರೆಸಬೇಕಾದ್ರೆ ಪ್ಯಾಕೆಟ್ ತಂದು ಸುರಿದ್ರೆ ಸಾಲದು. ಬೇರಿಗೆ ಅದು ಬೇಡವಾಗಿದ್ರೆ ಬಂದ ಅತಿಥಿಗೆ ಎಲೆ ಹಾಕೋರಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು. ಗೊಬ್ಬರವನ್ನು ಒಮ್ಮೆಲೇ ನಿಲ್ಲಿಸದೆ, ಬೇಕಾದಷ್ಟಕ್ಕೆ ಇಳಿಸಬೇಕು. ಉಳುಮೆ ಕಡಿಮೆ ಮಾಡಿ, ನೆಲದಲ್ಲಿ ಯಾವುದಾದ್ರೂ ಜೀವಂತ ಬೇರು ಇರೋ ಹಾಗೆ ನೋಡ್ಕೋಬೇಕು. ಸ್ವಲ್ಪ ಹಸಿವು ಉಳಿಯಬೇಕು. ಆ ಹಸಿವಿನಿಂದಲೇ ಬೇರು ಮತ್ತೆ ಕರೆಯೋದು.